ಪದಚರ್ಚೆ: ಡಿಮ್ಮರ್ ವಿಷಯದಲ್ಲಿ ‘ಮುಂಗಡಿತ’, ‘ಹಿಂಗಡಿತ’ ಅನ್ನಬಹುದೇ?

ಗೆಳೆಯರಿಗೆ ನಮಸ್ಕಾರ.

ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗೆ ಪೌರಾಣಿಕ ನಾಟಕ ಆಡುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಲೈಟಿಂಗ್ ನೋಡಿಕೊಳ್ಳುವ ಹುಡುಗರಿಗೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಡಿಮ್ಮರ್ ಹೇಗೆ ಬೆಳಕನ್ನು ಹೆಚ್ಚು ಕಮ್ಮಿ ಮಾಡುತ್ತದೆ ಎನ್ನುವ ಪಾಠದಲ್ಲಿ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

‘ಡಿಮ್ಮರ್’ ಎನ್ನುವ ಹೆಸರನ್ನೇ ಬದಲಿಸಬೇಕೆಂಬ ಹಟ ನನಗಿಲ್ಲ. ಅಂಗಡಿಯಲ್ಲಿ ಕೇಳುವುದೇ ಹಾಗೆ. ಕೆಲವರು ‘ಲೈಟಿನ ರೆಗ್ಯುಲೇಟರ್’ ಅಂತಾರೆ. ಅದೂ ಒಪ್ಪುವ ಮಾತೇ. ತಿರುಗಿಸಿದಂತೆ ನಯವಾಗಿ ವೇಗ ಬದಲಾಗುವ ಎಷ್ಟೋ ಫ್ಯಾನ್ ರೆಗ್ಯುಲೇಟರ್‌ಗಳ ಒಳಗೆ ಇರುವುದೂ ಇಂಥದೇ ಸರ್ಕ್ಯೂಟು.

ಕಷ್ಟ ಇರುವುದು ಆ ಕೆಲಸವನ್ನು ಹೇಳುವ ಮಾತಿನಲ್ಲಿ. ಲಾಟೀನಿನ ಕಾಲದಿಂದ ‘ಬತ್ತಿ ಸಣ್ಣ ಮಾಡು’ ಅನ್ನುತ್ತೇವೆ. ಸೊಗಸಾದ ಮಾತು. ಆದರೆ ಅದರ ಎದುರು ಮಾತು ಸಿಗುವುದಿಲ್ಲ. ‘ದೀಪ ದೊಡ್ಡದು ಮಾಡು’ ಅಂದರೆ ಕೆಲವು ಮನೆಗಳಲ್ಲಿ ದೀಪ ಆರಿಸು ಅಂತಲೇ ಅರ್ಥ. ಆರಿಸು ಅನ್ನಬಾರದು ಅಂತ ಹಾಗೆ ಹೇಳುತ್ತಾರೆ. ‘ಮಂಕು’ ಕೂಡ ಒಗ್ಗಲಿಲ್ಲ. ವೋಲ್ಟೇಜ್ ಬಿದ್ದಾಗ ‘ಬಲ್ಬು ಮಂಕಾಗಿದೆ’ ಅಂತೀವಿ, ಅದು ದೋಷದ ಮಾತು. ಬೇಕೆಂದೇ ಕಮ್ಮಿ ಮಾಡುವುದಕ್ಕೆ ಅದು ಹೊಂದುವುದಿಲ್ಲ.

ಉಳಿದದ್ದು ‘ಇಳಿಸು, ಏರಿಸು’. ಇದಕ್ಕೂ ಒಂದು ಸ್ವಾರಸ್ಯ ಇದೆ. ಹಿಂದೆ ರಂಗಮಂದಿರಗಳಲ್ಲಿ ಉಪ್ಪುನೀರಿನ ಡಿಮ್ಮರ್ ಇರುತ್ತಿತ್ತು. ಪಾತ್ರೆಯ ತಳದಲ್ಲಿ ಒಂದು ಲೋಹದ ತಗಡು, ಮೇಲಿನಿಂದ ಇಳಿಬಿಟ್ಟ ಇನ್ನೊಂದು ತಗಡು. ಮೇಲಿನ ತಗಡನ್ನು ಇಳಿಸಿದರೆ ನೀರಿನ ಅಡ್ಡಿ ಕಮ್ಮಿಯಾಗಿ ಬೆಳಕು ಏರುತ್ತಿತ್ತು! ಇದರಲ್ಲೂ, ಆಮೇಲೆ ಬಂದ ತಂತಿ ಸುತ್ತಿದ ರೆಸಿಸ್ಟೆನ್ಸ್ ಡಿಮ್ಮರ್‌ಗಳಲ್ಲೂ, ಬಲ್ಬಿಗೆ ಹೋಗದ ವಿದ್ಯುತ್ತು ಸುಮ್ನೆ ಶಾಖವಾಗಿ ಹಾಳಾಗುತ್ತಿತ್ತು.

ಈಗಿನದು ಬೇರೆ ವಿದ್ಯೆ. 1959ರಲ್ಲಿ ಅಮೆರಿಕದ ಜೋಯಲ್ ಸ್ಪೈರಾ ಗೋಡೆಯ ಸ್ವಿಚ್ ಬಾಕ್ಸಿನೊಳಗೆ ಹಿಡಿಸುವಷ್ಟು ಸಣ್ಣ ಡಿಮ್ಮರ್ ಮಾಡಿದ ಮೇಲೆ ಇದು ಮನೆಗಳಿಗೂ ಬಂತು. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಂದರೆ ಸೆಕೆಂಡಿಗೆ 50 ಅಲೆ, ಅರ್ಧರ್ಧ ಎಣಿಸಿದರೆ 100 ಅರೆ ಅಲೆ, ಒಂದೊಂದು ಅರೆ ಅಲೆಯೂ 10 ಮಿಲಿಸೆಕೆಂಡು. ಡಿಮ್ಮರ್ ಒಳಗಿನ ಟ್ರಯಾಕ್ (ಕರೆಂಟಿಗೆ ಬಾಗಿಲಿನಂತೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಬಿಡಿಭಾಗ) ಪ್ರತಿ ಅರೆ ಅಲೆಯ ಶುರುವಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿದ್ದು, ಆಮೇಲೆ ತಟ್ಟನೆ ತೆರೆಯುತ್ತದೆ. ಅಲೆ ಸೊನ್ನೆಗೆ ಬಂದಾಗ ತಾನೇ ಮುಚ್ಚಿಕೊಳ್ಳುತ್ತದೆ. ಗುಂಡಿ ತಿರುಗಿಸಿದಾಗ ಬದಲಾಗುವುದು ಈ ಕಾಯುವ ಹೊತ್ತು. 5 ಮಿಲಿಸೆಕೆಂಡು ಕಾದರೆ ಬಲ್ಬಿಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ ವಿದ್ಯುತ್ತು. ಆದರೆ ಹಳೆಯ ತಂತಿಯ ಬಲ್ಬಿನಲ್ಲಿ ಬೆಳಕು ಅರ್ಧಕ್ಕಿಂತ ತುಂಬಾ ಕೆಳಗಿಳಿದು ಕೆಂಪಗಾಗುತ್ತದೆ. ನಡುನಡುವೆ ಕರೆಂಟು ಕಡಿದರೂ ಅಷ್ಟರಲ್ಲಿ ತಂತಿ ತಣಿಯುವುದಿಲ್ಲ. ಹಾಗಾಗಿ ಮಿನುಗು ಕಣ್ಣಿಗೆ ಕಾಣದು.

ಇಲ್ಲಿ ‘ಇಳಿಸು’ ಸಾಲುವುದಿಲ್ಲ, ಅಲ್ವಾ? ಡಿಮ್ಮರ್ ಅಲೆಯನ್ನು ಕುಗ್ಗಿಸುತ್ತಿಲ್ಲ, ಅದರ ಒಂದು ಭಾಗವನ್ನೇ ತೆಗೆದುಹಾಕುತ್ತಿದೆ. ಅದಕ್ಕೇ ‘ಅಲೆಕಡಿತ’ ಅಂತ ಬರೆದೆ. ‘ವಿದ್ಯುತ್ ಕಡಿತ’ ಎಲ್ಲರಿಗೂ ಗೊತ್ತಿರುವ ಮಾತು, ಹಾಗಾಗಿ ಹುಡುಗರಿಗೆ ತಟ್ಟನೆ ತಿಳಿಯುತ್ತದೆ ಅನ್ನೋ ನಂಬಿಕೆ.

ಇದರಲ್ಲಿ ಎರಡು ಬಗೆ. ಟ್ರಯಾಕ್ ಅಲೆಯ ಮುಂಭಾಗವನ್ನು ಕಡಿಯುತ್ತದೆ. ಟ್ರಾನ್ಸಿಸ್ಟರ್ ಜಾತಿಯ ಬಿಡಿಭಾಗ ಹಾಕಿದ ಡಿಮ್ಮರ್ ಹಿಂಭಾಗವನ್ನು ಕಡಿಯುತ್ತದೆ. ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ. ಮೊದಲನೆಯದರಲ್ಲಿ ಕರೆಂಟು ಜಿಗಿದು ಏರುವುದರಿಂದ ಬಲ್ಬಿನ ತಂತಿ ಗುಂಯ್‌ಗುಡುತ್ತದೆ. ಹಾರ್ಮೋನಿಯಂ ಮುಂದಿನ ಮೈಕಿನ ವೈರು ಡಿಮ್ಮರ್ ವೈರಿನ ಪಕ್ಕದಲ್ಲೇ ಹೋಗಿದ್ದರೆ ಸ್ಪೀಕರಿಗೂ ಆ ಸದ್ದು ನುಗ್ಗಬಹುದು. ಎಷ್ಟೋ ಎಲ್‌ಇಡಿ ಬಲ್ಬುಗಳು ಎರಡನೆಯದಕ್ಕೆ ಚೆನ್ನಾಗಿ ಒಗ್ಗುತ್ತವೆ. ಡಿಮ್ಮರ್‌ಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರದ ಎಲ್‌ಇಡಿಯನ್ನು ಯಾವುದಕ್ಕೂ ಹಾಕಬಾರದು. ಮಿಣಮಿಣ ಅನ್ನುತ್ತದೆ, ಬೇಗ ಹಾಳಾಗುವುದೂ ಉಂಟು.

ಈ ಎರಡು ಬಗೆಗೆ ಮುಂಗಾರು, ಹಿಂಗಾರಿನ ಜಾಡಿನಲ್ಲಿ ‘ಮುಂಗಡಿತ’, ‘ಹಿಂಗಡಿತ’ ಅಂತ ಕಟ್ಟಿದ್ದೇನೆ. ನನಗೆ ಇವು ತುಂಬಾ ಹಿಡಿಸಿವೆ. ಒಂದೇ ಅಳುಕು: ‘ಮುಂಗಡ’ ಹಣದ ಜೊತೆ ಕಲಸಿಕೊಂಡು, ಸಂಬಳದಲ್ಲಿ ಮೊದಲೇ ಹಿಡಿದುಕೊಳ್ಳುವುದು ಅಂತ ಯಾರಾದರೂ ಓದಿಕೊಂಡರೆ? ‘ಮುಂತುದಿ’, ‘ಹಿಂತುದಿ’ ಅಂತಲೂ ಯೋಚಿಸಿದೆ. ಆದರೆ ಅವುಗಳಲ್ಲಿ ಕಡಿಯುವ ಕೆಲಸ ಕಾಣುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಂಗದ ಲೈಟಿನವರು ಈ ಎರಡು ಬಗೆಯ ಡಿಮ್ಮರ್‌ಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕರೆಯುತ್ತಾರೆಯೇ? ಐಟಿಐಗಳಲ್ಲಿ ಕನ್ನಡದಲ್ಲಿ ಪಾಠ ಮಾಡುವವರು ಈ ಗುಂಪಿನಲ್ಲಿದ್ದರೆ, ತರಗತಿಯಲ್ಲಿ ಯಾವ ಪದ ಬಳಸುತ್ತೀರಿ ಅಂತ ದಯವಿಟ್ಟು ತಿಳಿಸಿ.