ವಿದ್ಯಾರ್ಥಿ ಮಂಡಳಿ ಚುನಾವಣೆಯಲ್ಲಿ ಒಂದೇ ವಿಭಾಗ ಎಲ್ಲ ಸ್ಥಾನ ಗೆಲ್ಲುವುದನ್ನು ತಪ್ಪಿಸುವುದು ಹೇಗೆ?

ಪೌರನೀತಿ_ಮೇಷ್ಟ್ರು:
ಮಂಡಳಿಯಲ್ಲಿ ಐದು ಸ್ಥಾನ. ಒಬ್ಬೊಬ್ಬರಿಗೂ ಐದು ವೋಟು, ಹೆಚ್ಚು ವೋಟು ಬಿದ್ದ ಐವರು ಗೆದ್ದಂತೆ. ಶೇ 45ರಷ್ಟು ವಿದ್ಯಾರ್ಥಿಗಳಿರುವ ಒಂದೇ ವಿಭಾಗ ಐದಕ್ಕೆ ಐದನ್ನೂ ಬಾಚಿಕೊಳ್ಳುತ್ತಿದೆ. ಮಿಕ್ಕವರು ಮತಗಟ್ಟೆಯತ್ತ ತಲೆ ಹಾಕುವುದನ್ನೇ ಬಿಟ್ಟಿದ್ದಾರೆ. ಎಷ್ಟೋ ಜನ ಮೊದಲ ಸಲ ಮತ ಹಾಕುವುದೇ ಕಾಲೇಜಿನಲ್ಲಿ. ‘ನನ್ನ ವೋಟಿಗೆ ಬೆಲೆಯಿಲ್ಲ’ ಎಂದು ಇಲ್ಲೇ ಕಲಿತರೆ ಮುಂದೇನು ಗತಿ? ವಿಭಾಗವಾರು ಮೀಸಲು ಬಿಟ್ಟು ಬೇರೆ ದಾರಿ ಇದೆಯೇ?

ಎಣಿಕೆಮೇಜು:
ಇದೆ ಮೇಷ್ಟ್ರೇ. ತಪ್ಪು ಮಕ್ಕಳದ್ದಲ್ಲ, ಎಣಿಕೆಯ ಕ್ರಮದ್ದು. 45 ಒಗ್ಗಟ್ಟಾಗಿದ್ದು 55 ಚದುರಿಹೋದರೆ ಹೀಗೇ ಆಗುವುದು. ಏಕ ವರ್ಗಾವಣೀಯ ಮತ ಪದ್ಧತಿಗೆ ಬನ್ನಿ. ಐರ್ಲೆಂಡ್, ಮಾಲ್ಟಾ ಸಂಸತ್ ಚುನಾವಣೆಗಳಲ್ಲಿ ಇರುವುದು ಇದೇ. ಒಬ್ಬರಿಗೆ ಒಂದೇ ಮತ, ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು.

ಸಿಂಧು ಮತ 600 ಎಂದಿಟ್ಟುಕೊಳ್ಳಿ. ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಿ: 600 ÷ 6 = 100. ಅದಕ್ಕೆ 1 ಸೇರಿಸಿದರೆ ಗೆಲ್ಲಲು ಬೇಕಾದ ಕೋಟಾ 101. ಆರು ಜನ ಈ ಕೋಟಾ ಮುಟ್ಟಲು 606 ಮತ ಬೇಕು, ಆದ್ದರಿಂದ ಆರನೆಯವರಿಗೆ ಜಾಗವೇ ಇಲ್ಲ. 270 ಮತದ ಗುಂಪಿಗೆ ಎರಡು ಸ್ಥಾನ ಖಚಿತ. ಮೂರನೆಯ ಕೋಟಾಕ್ಕೆ 68 ಮಾತ್ರ ಉಳಿಯುತ್ತದೆ, ಬಾಕಿಗೆ ಬೇರೆ ವಿಭಾಗದವರ ಬಳಿ ಹೋಗಿ ಕೇಳಬೇಕು. ನನಗೆ ಈ ಪದ್ಧತಿಯಲ್ಲಿ ಬಹಳ ಹಿಡಿಸುವುದು ಅದೇ.

ಗೆದ್ದವರಿಗೆ ಕೋಟಾ ಮೀರಿ ಬಿದ್ದ ಮತ ವ್ಯರ್ಥವಾಗದೆ ಚೀಟಿಯಲ್ಲಿ ಬರೆದ ಮುಂದಿನ ಹೆಸರಿಗೆ ಹೋಗುತ್ತದೆ. ಎಡವುವುದು ಈ ಹೆಚ್ಚುವರಿ ಮತದಲ್ಲಿ. ಒಬ್ಬರಿಗೆ 151 ಬಂದರೆ 50 ಹೆಚ್ಚುವರಿ. ಕೈಗೆ ಸಿಕ್ಕ 50 ಚೀಟಿ ಎತ್ತಿ ಹಂಚಬೇಡಿ. ಮರುಎಣಿಕೆಯಲ್ಲಿ ಫಲಿತಾಂಶ ಬದಲಾಗಬಹುದು. 151 ಚೀಟಿಗಳನ್ನೂ ಮುಂದಿನ ಪ್ರಾಶಸ್ತ್ಯಕ್ಕೆ ಕಳಿಸಿ, ಒಂದೊಂದರ ಮೌಲ್ಯ 50/151, ಅಂದರೆ ಸುಮಾರು 0.33. ಕೋಟಾ ಯಾರೂ ಮುಟ್ಟದ ಸುತ್ತಿನಲ್ಲಿ ಕೊನೆಯವರನ್ನು ಕೈಬಿಟ್ಟು ಅವರ ಚೀಟಿಗಳನ್ನು ವರ್ಗಾಯಿಸಿ.

ಗುಟ್ಟಿನಮತ:
ಎಣಿಕೆ ಸರಿಯಿದ್ದರೂ ಗೋಪ್ಯತೆ ಹೋದರೆ ಎಲ್ಲ ಹೋಯಿತು. ಇಮೇಲ್ ವಿಳಾಸ ದಾಖಲಿಸುವ ಆನ್‌ಲೈನ್ ಫಾರ್ಮ್ ಬೇಡವೇ ಬೇಡ. ಹೆಸರಿನ ಪಟ್ಟಿಯಲ್ಲಿ ಸಹಿ ಒಂದು ಮೇಜಿನಲ್ಲಿ, ಸಂಖ್ಯೆಯಿಲ್ಲದ ಮತಪತ್ರ ಇನ್ನೊಂದರಲ್ಲಿ. ಪೆಟ್ಟಿಗೆ ತೆರೆದ ಕೂಡಲೇ ಚೀಟಿಗಳ ಒಟ್ಟು ಲೆಕ್ಕ ಸಹಿಗಳಿಗೆ ತಾಳೆಯಾಗಬೇಕು. ಎಂಟೇ ವಿದ್ಯಾರ್ಥಿಗಳಿರುವ ವಿಭಾಗದ ಪೆಟ್ಟಿಗೆಯನ್ನು ಪ್ರತ್ಯೇಕ ಎಣಿಸಿದರೆ ಯಾರ ಮತ ಯಾರಿಗೆ ಎಂದು ಊಹಿಸುವುದು ಸುಲಭ. ಎಲ್ಲ ಪೆಟ್ಟಿಗೆ ಬೆರೆಸಿಯೇ ಎಣಿಸಿ.

ನಡಾವಳಿ:
ಗೆದ್ದವರ ಕೈಯಲ್ಲಿ ಏನಿದೆ? ವಾರ್ಷಿಕೋತ್ಸವದ ಬ್ಯಾನರ್ ಕಟ್ಟುವುದಷ್ಟೇ ಆದರೆ ಯಾವ ಪದ್ಧತಿ ತಂದರೂ ಮತಗಟ್ಟೆ ಖಾಲಿಯೇ. ವಿದ್ಯಾರ್ಥಿ ಚಟುವಟಿಕೆ ನಿಧಿಯ ಒಂದು ಪಾಲನ್ನು ಮಂಡಳಿಯೇ ಹಂಚಲಿ, ಖರ್ಚಿನ ಲೆಕ್ಕ ಸೂಚನಾ ಫಲಕಕ್ಕೆ ಬರಲಿ. ಮಂಡಳಿಯ ನಿರ್ಣಯಕ್ಕೆ ಆಡಳಿತ 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ನಿಯಮಾವಳಿಯಲ್ಲೇ ಸೇರಿಸಿ. ‘ಇಲ್ಲ’ ಎಂದರೂ ಕಾರಣ ಬರೆಯಬೇಕು.

ಪೌರನೀತಿ_ಮೇಷ್ಟ್ರು:
ಧನ್ಯವಾದ. ಬರೀ 1 ಎಂದು ಬರೆದು ನಿಲ್ಲಿಸಿದ ಚೀಟಿ?

ಎಣಿಕೆಮೇಜು:
ಸಿಂಧು. ವರ್ಗಾಯಿಸಬೇಕಾದಾಗ ಅದರಲ್ಲಿ ಮುಂದಿನ ಹೆಸರಿಲ್ಲ ಅಷ್ಟೇ. ಇಬ್ಬರಿಗೆ 1 ಹಾಕಿದ್ದರೆ ಅಸಿಂಧು. ಇವೆರಡನ್ನೂ ಮತಪತ್ರದ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.