755 ಬರೆದ ಮಗಳದ್ದು ತಪ್ಪಾ? ಹೋಮ್ ರನ್ ದಾಖಲೆಯ ಬಗ್ಗೆ ಒಂದು ಚರ್ಚೆ

ಮಲೆನಾಡಿಗ
ಅಟ್ಲಾಂಟಾಕ್ಕೆ ಬಂದು ಹನ್ನೆರಡು ವರ್ಷವಾಯ್ತು. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಕಣ್ಣೆತ್ತಿಯೂ ನೋಡದಿದ್ದ ನನಗೆ ಮಗಳ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹತ್ತಿದೆ. ಮೊನ್ನೆ ಅವಳ ಶಾಲೆಯ ಕ್ವಿಜ್‌ನಲ್ಲಿ ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, ಅತಿ ಹೆಚ್ಚು ಹೋಮ್ ರನ್ ಹೊಡೆದವರು ಯಾರು ಅಂತ ಕೇಳಿದ್ದರಂತೆ. ಹ್ಯಾಂಕ್ ಆರನ್, 755 ಅಂತ ಬರೆದಿದ್ದಾಳೆ. ಕೆಂಪು ಗೀಟು ಬಿದ್ದಿದೆ. ಅವರ ಉತ್ತರ ಬ್ಯಾರಿ ಬಾಂಡ್ಸ್, 762. ದಾಖಲೆ ಪುಸ್ತಕ ತೆಗೆದರೆ ಅದೇ ಸರಿ. ಆದರೂ ನನಗೆ ಮಗಳ ಉತ್ತರವೇ ಸರಿ ಅನ್ನಿಸುತ್ತಿದೆ. ಮೈಬಲ ಹೆಚ್ಚಿಸುವ ಸ್ಟೀರಾಯ್ಡ್ ಮದ್ದಿನ ಹಗರಣದಲ್ಲಿ ಹೆಸರು ಕೆಟ್ಟವನ ಅಂಕಿಯನ್ನು ಆರನ್ ಅವರ ತಲೆ ಮೇಲೆ ಇಡುವುದು ನ್ಯಾಯವಾ?

ಅಂಕಿಲೆಕ್ಕ
ನ್ಯಾಯ ಬೇರೆ, ಲೆಕ್ಕ ಬೇರೆ. 762 ಸಲ ಚೆಂಡು ಬೇಲಿ ದಾಟಿದೆ, ಆ ರನ್‌ಗಳಿಂದ ಪಂದ್ಯಗಳು ತೀರ್ಮಾನವಾಗಿವೆ. ಅವನದ್ದನ್ನು ಅಳಿಸಿದರೆ ಅವನಿಗೆ ಚೆಂಡೆಸೆದ ಪಿಚರ್‌ಗಳದ್ದನ್ನು ಏನು ಮಾಡ್ತೀರಿ? ಅವರಲ್ಲೂ ಮದ್ದು ತಗೊಂಡವರಿದ್ದರು. ಶಿಕ್ಷೆ ಸಮೇತ ಪರೀಕ್ಷೆ ಶುರುವಾದದ್ದೇ 2004ರಲ್ಲಿ. 1998ರ ಕೊನೆಗೇ ಬಾಂಡ್ಸ್ 411 ಹೋಮ್ ರನ್ ಹೊಡೆದು, 445 ಬೇಸ್ ಕದ್ದು (ಅಂದರೆ ಪಿಚರ್ ಕಣ್ಣು ತಪ್ಪಿಸಿ, ಓಟಗಾರ ಮುಟ್ಟಬೇಕಾದ ಮುಂದಿನ ಮೂಲೆಗೆ ಓಡಿ), ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. ಅನುಮಾನಗಳೆಲ್ಲ ಆಮೇಲಿನ ವರ್ಷಗಳದ್ದು.

ಮಲೆನಾಡಿಗ
ನನ್ನ ತಕರಾರೂ ಆಮೇಲಿನ ವರ್ಷಗಳದ್ದೇ! 2001ರಲ್ಲಿ, 37 ತುಂಬಿದ ವರ್ಷ, 73 ಹೊಡೆದ. ಅದಕ್ಕೆ ಮುಂಚೆ ಆಗಲಿ ಆಮೇಲೆ ಆಗಲಿ ಒಂದೇ ಒಂದು ಸೀಸನ್‌ನಲ್ಲಿ 50 ಮುಟ್ಟಿದವನಲ್ಲ.

ಬೇ ಏರಿಯಾ ಕನ್ನಡತಿ
2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆ ಕಡಲಂಚಿನ ಮೈದಾನದಲ್ಲಿ ಕೂತು ಬಾಂಡ್ಸ್ ಆಟ ನೋಡಿದ್ದೇನೆ. ಬಲ ಮೊಣಕೈಗೆ ದಪ್ಪ ಕವಚ, ಬ್ಯಾಟಿನ ಹಿಡಿಯನ್ನು ಒಂದಿಷ್ಟು ಮೇಲಕ್ಕೆ ಹಿಡಿದು, ಬ್ಯಾಟ್ ಮಾಡುವ ಜಾಗದ ಪ್ಲೇಟಿಗೆ ಅಂಟಿಕೊಂಡಂತೆ ನಿಂತಿರುತ್ತಿದ್ದ. ಹಿಂದೆ ಕೂತ ಎದುರಾಳಿ ಕ್ಯಾಚರ್ ಎದ್ದು ನಿಂತು ಪಕ್ಕಕ್ಕೆ ಕೈ ಚಾಚುತ್ತಿದ್ದ. ಹೊಡೆಯೋಕೆ ಎಟುಕದ ಹಾಗೆ ನಾಲ್ಕು ಚೆಂಡು, ಆಮೇಲೆ ಅವನು ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬೇಕು. ಇಡೀ ಮೈದಾನ ಛೀ ಅಂತ ಕೂಗುತ್ತಿತ್ತು. ಹೀಗೆ ಹೆದರಿ ನಡೆಸಿದ್ದಕ್ಕೆ ಜನ ಒಂದೊಂದು ರಬ್ಬರ್ ಕೋಳಿ ತೂಗುಹಾಕುತ್ತಿದ್ದರು, ಇಂಗ್ಲಿಷ್‌ನಲ್ಲಿ ಹೇಡಿಗೆ ಕೋಳಿ ಅಂತಾರಲ್ಲ. ಆ ವರ್ಷ ಬೇಕಂತಲೇ ಅವನನ್ನು ನಡೆಸಿದ್ದು 120 ಸಲ. ಗಂಟೆಗಟ್ಟಲೆ ಕಾದು, ಬಂದ ಒಂದು ಒಳ್ಳೆ ಚೆಂಡನ್ನು ಬಿಡದೆ ಹೊಡೆಯುವ ಆ ಕಣ್ಣನ್ನು ಯಾವ ಮದ್ದೂ ಕೊಡಲ್ಲ. ಅವನು ಶುದ್ಧಹಸ್ತ ಅಂತ ನಾನು ವಾದಿಸಲ್ಲ. ಮುಲಾಮು ಹಚ್ಚಿಕೊಂಡದ್ದು ನಿಜ, ಅದೇನು ಅಂತ ಗೊತ್ತಿರಲಿಲ್ಲ ಅಂತ ಅವನೇ ವಿಚಾರಣೆಯಲ್ಲಿ ಹೇಳಿದ. ನ್ಯಾಯಕ್ಕೆ ಅಡ್ಡಿಪಡಿಸಿದ ಅಂತ 2011ರಲ್ಲಿ ಬಂದ ತೀರ್ಪು 2015ರಲ್ಲಿ ರದ್ದಾಯಿತು. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಮಾತ್ರ ಹತ್ತು ವರ್ಷ ಮತ ಹಾಕಿಯೂ ಬಾಗಿಲು ತೆರೆಯಲಿಲ್ಲ. ಇಷ್ಟು ಶಿಕ್ಷೆ ಸಾಲದಾ?

ಧಾರವಾಡದಂವ
ನಾ ಕ್ರಿಕೆಟ್ ನೋಡಾಂವ, ತಪ್ಪು ಕೇಳಿದ್ರ ಹೊಟ್ಟ್ಯಾಗ ಹಾಕ್ಕೋರಿ. ಹೋಮ್ ರನ್ ಅಂದ್ರ ನಮ್ಮ ಸಿಕ್ಸರ್ ಇದ್ದಂಗ ಹೌದಲ್ರಿ? ಏಳು ಸಿಕ್ಸರ್ ಹೆಚ್ಚುಕಡಿಮಿ ಆಗಿದ್ದಕ್ಕ ಇಷ್ಟ್ಯಾಕ ಜಗಳ?

ಮಲೆನಾಡಿಗ
ಸಿಕ್ಸರ್ ಅಂತಲೇ ಇಟ್ಟುಕೊಳ್ಳಿ ಸಾರ್. ಆದರೆ ಇಲ್ಲಿ ಬ್ಯಾಟ್ ದುಂಡಗೆ, ಮೈದಾನ 90 ಡಿಗ್ರಿ ಅಷ್ಟೇ, ಹಿಂದಕ್ಕೆ ಹೋದ ಚೆಂಡಿಗೆ ಬೆಲೆಯಿಲ್ಲ. 162 ಪಂದ್ಯದ ಸೀಸನ್‌ನಲ್ಲಿ 30 ಹೊಡೆದರೆ ಹೆಸರಾಂತ ಹೊಡೆತಗಾರ. ಆರನ್ 23 ವರ್ಷ ಆಡಿದರು. ಒಂದು ವರ್ಷದಲ್ಲಿ ಅವರ ಅತಿ ಹೆಚ್ಚು 47. ಆರ್ಭಟವಿಲ್ಲ, ದೈತ್ಯ ಮೈಯೂ ಅಲ್ಲ. ಎಲ್ಲ ಮಣಿಕಟ್ಟಿನ ಶಕ್ತಿ.

ಜಗಳ ಏಳರದ್ದಲ್ಲ. ಹಿಂದಿನ ಬಿಳಿಯ ದಿಗ್ಗಜ ಬೇಬ್ ರೂತ್ ಅವರ 714ರ ದಾಖಲೆ ಬಿಳಿ ಅಮೆರಿಕದ ಪಾಲಿಗೆ ದೇವರ ಪಟದ ಹಾಗೆ ಇತ್ತು. ಅದನ್ನು ಅಲಬಾಮಾದ ಮೊಬೀಲ್‌ನಲ್ಲಿ ಹುಟ್ಟಿದ ಕಪ್ಪು ಮನುಷ್ಯ ಮುರಿಯಲು ಹೊರಟರೆ ಏನಾಗಬೇಡ? 1973 ಮುಗಿದಾಗ 713. ಆ ವರ್ಷ ಅವರಿಗೆ ಬಂದ ಕಾಗದಗಳು ಸುಮಾರು 9,30,000. ಬೆಂಬಲದ ಕಾಗದಗಳ ನಡುವೆ ಕೊಲ್ಲುತ್ತೇವೆ ಅನ್ನುವ ಕಾಗದಗಳು. ಕಾಲೇಜಿನಲ್ಲಿದ್ದ ಮಗಳನ್ನು ಎತ್ತಿಕೊಂಡು ಹೋಗುತ್ತೇವೆ ಅನ್ನುವ ಬೆದರಿಕೆ. ಪೊಲೀಸ್ ಕಾವಲಿನಲ್ಲಿ ಓಡಾಟ. ಇಡೀ ಚಳಿಗಾಲ ಹೀಗೆ ಕಳೆದು ಬಂದು 1974ರ ಏಪ್ರಿಲ್ 8ರ ರಾತ್ರಿ ನಾಲ್ಕನೇ ಇನಿಂಗ್ಸ್‌ನಲ್ಲಿ, ಇದೇ ಅಟ್ಲಾಂಟಾದಲ್ಲಿ, ಡಾಡ್ಜರ್ಸ್ ತಂಡದ ಆಲ್ ಡೌನಿಂಗ್ ಎಸೆದ ಚೆಂಡನ್ನು ಬೇಲಿಯಾಚೆ ಕಳಿಸಿದರು. 715. ಬೇಸ್‌ಗಳನ್ನು ಸುತ್ತುತ್ತಿದ್ದಾಗ ಇಬ್ಬರು ಹುಡುಗರು ಮೈದಾನಕ್ಕೆ ಹಾರಿ ಬಂದು ಬೆನ್ನು ತಟ್ಟಿದರು. ಆ ದೃಶ್ಯ ಈಗ ನೋಡಿದರೂ ನನಗೆ ಎದೆ ಝಲ್ ಅನ್ನುತ್ತೆ, ಅವರು ಯಾರು, ಕೈಯಲ್ಲಿ ಏನಿದೆ ಅಂತ ಆ ಕ್ಷಣ ಯಾರಿಗೆ ಗೊತ್ತಿತ್ತು? ಕೊನೆಗೆ ತಾಯಿ ಎಸ್ಟೆಲ್ಲಾ ಬಂದು ಮಗನನ್ನು ಬಿಗಿಯಾಗಿ ತಬ್ಬಿಕೊಂಡರು.

ಧಾರವಾಡದಂವ
ಈಗ ತಿಳೀತ್ರಿ.

ಅಂಕಿಲೆಕ್ಕ
ಓದಿ ನನಗೂ ಕಣ್ಣು ಒದ್ದೆಯಾಯ್ತು. ಆದರೆ ಪಟ್ಟ ಕಷ್ಟ ಅಂಕಿಗೆ ಸೇರಲ್ಲ. 1968ರಲ್ಲಿ ಒಂದು ಸಲ ಚುರುಕಿನ ಮಾತ್ರೆ ನುಂಗಿದ್ದೆ, ಎದೆಬಡಿತ ನೋಡಿ ಹೆದರಿ ಬಿಟ್ಟೆ ಅಂತ ಆರನ್ ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಎರಡೂ ಒಂದೇ ತೂಕ ಅಂತಲ್ಲ. ಗೆರೆ ಎಲ್ಲಿ ಎಳೆಯುವುದು ಅನ್ನುವುದೇ ನನ್ನ ಪ್ರಶ್ನೆ.

ಆರನ್ ದೊಡ್ಡವರು ಅನ್ನೋಕೆ ಹೋಮ್ ರನ್ ದಾಖಲೆಯೇ ಬೇಕಿಲ್ಲ. 755 ಹೋಮ್ ರನ್‌ಗಳನ್ನು ಪೂರ್ತಿ ತೆಗೆದುಹಾಕಿ, ಆಗಲೂ 3,016 ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ ಹೊಡೆತಗಳು, ಉಳಿಯುತ್ತವೆ. ತಮ್ಮ ಹೊಡೆತಗಳಿಂದಲೇ ಗಳಿಸಿದ ಒಟ್ಟು ಬೇಸ್ 6,856. ಎರಡನೆಯವರಾದ ಆಲ್ಬರ್ಟ್ ಪೂಹೋಲ್ಸ್ 6,211. ಅಂತರ 645 ಬೇಸ್. ಬೇಸಿಗೆ 90 ಅಡಿಯಂತೆ ಹಿಡಿದರೆ ಇಬ್ಬರ ನಡುವೆ 17 ಕಿಲೋಮೀಟರ್ ದಾಟಿದ ಓಟ! ಆ ದಾಖಲೆಯನ್ನು ಬಾಂಡ್ಸ್ ಮುಟ್ಟಿಲ್ಲ, ಯಾರೂ ಮುಟ್ಟಿಲ್ಲ.

ತುಂಗೆಯ ದಡ
ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. ರೂತ್ 714 ಹೊಡೆದದ್ದು ಕರಿಯರಿಗೆ ಪ್ರವೇಶವೇ ಇಲ್ಲದ ಲೀಗ್‌ನಲ್ಲಿ. ಜಾಶ್ ಗಿಬ್ಸನ್ ಎಂಬ ಅಪ್ರತಿಮ ಹೊಡೆತಗಾರ ಕರಿಯರಿಗೆಂದೇ ಇದ್ದ ನೀಗ್ರೋ ಲೀಗ್‌ನಲ್ಲೇ ಆಡಿ 1947ರ ಜನವರಿಯಲ್ಲಿ ತೀರಿಕೊಂಡರು. ಆ ತಡೆ ಮುರಿದ ಕರಿಯ ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದದ್ದು ಅದೇ ಏಪ್ರಿಲ್‌ನಲ್ಲಿ. ಮೂರೇ ತಿಂಗಳು. ನೀಗ್ರೋ ಲೀಗ್‌ನ ಅಂಕಿಗಳು ಮೇಜರ್ ಲೀಗ್ ದಾಖಲೆಗೆ ಸೇರಿದ್ದು 2024ರಲ್ಲಿ.

ಆರನ್ ಕೂಡ ಶುರುಮಾಡಿದ್ದು ಆ ಲೀಗ್‌ನಲ್ಲೇ, 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ. ವಾಷಿಂಗ್ಟನ್‌ನ ಒಂದು ಹೋಟೆಲಲ್ಲಿ ತಂಡದವರು ತಿಂಡಿ ತಿಂದು ಕೂತಿದ್ದಾಗ ಅಡುಗೆಮನೆಯಿಂದ ತಟ್ಟೆ ಒಡೆಯುವ ಸದ್ದು. ಇವರು ತಿಂದ ತಟ್ಟೆಗಳನ್ನೇ ಒಡೆಯುತ್ತಿದ್ದರು. ನಾಯಿ ತಿಂದಿದ್ದರೆ ತೊಳೆದು ಇಡುತ್ತಿದ್ದರು ಅಂತ ಆರನ್ ಆಮೇಲೆ ನೆನೆದಿದ್ದಾರೆ. ಎಂಜಲು ತಟ್ಟೆಯ ಅವಮಾನ ಏನು ಅಂತ ನಮ್ಮ ಊರುಗಳಲ್ಲಿ ಚಹಾದಂಗಡಿಯ ಬೇರೆ ಲೋಟ ಕಂಡವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿಂದ ಎದ್ದು ಬಂದ ಹುಡುಗನ 755 ಅದು.

ಬೇ ಏರಿಯಾ ಕನ್ನಡತಿ
ಇದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಆದರೆ 2007ರ ಆಗಸ್ಟ್ 7ರಂದು ಬಾಂಡ್ಸ್ 756 ಹೊಡೆದಾಗ ಮೈದಾನದ ದೊಡ್ಡ ಪರದೆ ಮೇಲೆ ಆರನ್ ಕಾಣಿಸಿಕೊಂಡು ಅಭಿನಂದಿಸಿದರು. ಮೊದಲೇ ಚಿತ್ರೀಕರಿಸಿಟ್ಟ ಸಂದೇಶ ಅದು. ದಾಖಲೆ ಬಿಟ್ಟುಕೊಟ್ಟವರೇ ಒಪ್ಪಿಕೊಂಡ ಮೇಲೆ ನಾವು ಯಾಕೆ ಹಟ ಹಿಡಿಯಬೇಕು?

ಮಲೆನಾಡಿಗ
ಅವರು ಖುದ್ದಾಗಿ ಅಲ್ಲಿಗೆ ಹೋಗಲಿಲ್ಲ ಅನ್ನುವುದನ್ನೂ ಸೇರಿಸಿ. ಅಭಿನಂದಿಸಿದ್ದು ಅವರ ದೊಡ್ಡತನ. ಹಟ ನನ್ನದು, ಅದನ್ನು ಬಿಡಲ್ಲ.

ಶಾಲೆಗೆ ಹೋಗಿ ವಾದ ಮಾಡಲ್ಲ, ಪ್ರಶ್ನೆಗೆ 762 ಸರಿ. ಆರನ್ 715 ಹೊಡೆದ ಹಳೇ ಕ್ರೀಡಾಂಗಣ ಕೆಡವಿದ ಮೇಲೆ ಅದು ವಾಹನ ನಿಲ್ಲಿಸುವ ಜಾಗವಾಯಿತು. ಚೆಂಡು ದಾಟಿದ ಕಡೆ ಬೇಲಿಯ ಒಂದು ತುಂಡು ನಿಲ್ಲಿಸಿ 715 ಅಂತ ಗುರುತು ಇಟ್ಟಿದ್ದಾರೆ. ಶನಿವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗ್ತೀನಿ.

ಧಾರವಾಡದಂವ
ಹೋದಾಗ ಒಂದು ಫೋಟೋ ಹಾಕ್ರಿ. ಆ ಬೇಲಿ ಎಷ್ಟು ದೂರ ಅದ ಅಂತ ನಾನೂ ನೋಡಬೇಕು.