ನಾಲ್ಕು ನಿಮಿಷಕ್ಕೆ ನಿಲ್ಲುವ ಟಿವಿ: ರೌಟರಿನ ಫೈರ್‌ವಾಲ್ ಮತ್ತು ಮಲ್ಟಿಕಾಸ್ಟ್ ಬಗ್ಗೆ ಅನುಭವ ಹಂಚಿಕೆ

ಕೋರಿಕೆ, ಮುಳ್ಳೇರಿಯದಿಂದ:

ನಮ್ಮ ಮನೆಯ ಫೈಬರ್ ಮೋಡೆಮ್ ಚಾವಡಿಯಲ್ಲಿದೆ. ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟಿ ಒಳಕೋಣೆಗಳಿಗೆ ವೈಫೈ ತಲುಪದ ಕಾರಣ ನಾನೇ ಇನ್ನೊಂದು ರೌಟರ್ ಕೊಂಡು ಜೋಡಿಸಿದ್ದೇನೆ. ಟಿವಿಯ ಸೆಟ್‌ಟಾಪ್ ಬಾಕ್ಸನ್ನು ಈ ಎರಡನೆಯ ರೌಟರಿಗೆ ಕೇಬಲ್ ಮೂಲಕ ಸೇರಿಸಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಂತುಬಿಡುತ್ತದೆ. ಚಾನೆಲ್ ಬದಲಿಸಿದರೆ ಪುನಃ ಬರುತ್ತದೆ. ಬಾಕ್ಸಿನ ಕೋರಿಕೆಯನ್ನು ಹೊರಗಿನ ಜಾಲಕ್ಕೆ ದಾಟಿಸುವ ಐಜಿಎಂಪಿ ಪ್ರಾಕ್ಸಿ ಆನ್ ಇದೆ. ಪರಿಚಯದ ಒಬ್ಬರು, ಹೊರಗಿನಿಂದ ಬರುವುದನ್ನು ತಡೆಯುವ ಕಾವಲಾದ ಫೈರ್‌ವಾಲನ್ನೇ ಆಫ್ ಮಾಡಿಬಿಡಿ ಎನ್ನುತ್ತಾರೆ. ಗಲ್ಫಿನಲ್ಲಿರುವ ಮಗನೂ ನೋಡಬೇಕೆನ್ನುವ, ಅಂಗಳದ ಅಡಿಕೆಯ ಮೇಲೆ ಕಣ್ಣಿಡುವ ಕ್ಯಾಮೆರಾ ಕೂಡ ಇದೇ ರೌಟರಿನಲ್ಲಿರುವುದರಿಂದ ನನಗೆ ಧೈರ್ಯ ಸಾಲುತ್ತಿಲ್ಲ. ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕದಿಂದ:

ದಯವಿಟ್ಟು ಫೈರ್‌ವಾಲ್ ಆಫ್ ಮಾಡಬೇಡಿ. ಇದೇ ತೊಂದರೆ ನಮ್ಮಲ್ಲಿ ಎರಡು ವಾರ ಕಾಡಿತ್ತು. ಕೇಬಲ್ ಬದಲಿಸಿದೆ, ಬಾಕ್ಸನ್ನು ರೀಸೆಟ್ ಮಾಡಿದೆ, ಯಾವುದೂ ಫಲ ಕೊಡಲಿಲ್ಲ. ಕೊನೆಗೆ ಒಂದು ಸಂಜೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಟಿವಿಯ ಮುಂದೆ ಕುಳಿತೆ. ಮೂರು ಸಲ ನೋಡಿದೆ. ಮೂರು ಸಲವೂ ನಾಲ್ಕೂಕಾಲು ನಿಮಿಷ ಕಳೆದು ನಾಲ್ಕೂವರೆಯೊಳಗೆ ಚಿತ್ರ ನಿಂತಿತು. ಕೇಬಲ್ ದೋಷವಾಗಿದ್ದರೆ ಹೀಗೆ ಗಡಿಯಾರ ನೋಡಿಕೊಂಡು ನಿಲ್ಲುವುದಿಲ್ಲ. ನೀವೂ ಮೊದಲು ಇದೊಂದನ್ನು ಅಳೆದು ನೋಡಿ.

ಈ ಲೆಕ್ಕ ಬರುವುದು ಐಜಿಎಂಪಿಯಿಂದ, ಅಂದರೆ ಪ್ರಸಾರದ ಗುಂಪಿಗೆ ಸೇರುವ, ಬಿಡುವ ಕೋರಿಕೆಗಳ ನಿಯಮಾವಳಿಯಿಂದ. ನೇರಪ್ರಸಾರದ ಚಾನೆಲ್‌ಗಳು 224.0.0.0ರಿಂದ 239.255.255.255ರವರೆಗಿನ ಮಲ್ಟಿಕಾಸ್ಟ್ (ಒಂದೇ ಪ್ರಸಾರವನ್ನು ಕೇಳಿದವರಿಗೆಲ್ಲ ಒಟ್ಟಿಗೆ ಕಳುಹಿಸುವ) ವಿಳಾಸಗಳಲ್ಲಿ ಹರಿಯುತ್ತವೆ. ನೀವು ಚಾನೆಲ್ ಒತ್ತಿದಾಗ ಬಾಕ್ಸು "ಈ ಗುಂಪಿಗೆ ನನ್ನನ್ನೂ ಸೇರಿಸಿ" ಎಂದು ಕೇಳುತ್ತದೆ, ಪ್ರಾಕ್ಸಿ ಆ ಕೋರಿಕೆಯನ್ನು ಹೊರಗಿನ ಜಾಲಕ್ಕೆ ದಾಟಿಸುತ್ತದೆ, ಪ್ರಸಾರ ಬರತೊಡಗುತ್ತದೆ. ಆಮೇಲೆ ಅತ್ತಲಿನ ಉಪಕರಣವು ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ "ಇನ್ನೂ ನೋಡುವವರಿದ್ದಾರೆಯೇ" ಎಂದು ವಿಚಾರಿಸುತ್ತದೆ. ಎರಡು ಅವಧಿ ಕಳೆದು ಮತ್ತೆ 10 ಸೆಕೆಂಡಿನೊಳಗೂ ಉತ್ತರ ಬಾರದಿದ್ದರೆ, ಅಂದರೆ 260 ಸೆಕೆಂಡಿಗೆ, ನೋಡುವವರು ಯಾರೂ ಇಲ್ಲವೆಂದು ಪ್ರಸಾರ ಕಡಿದುಬಿಡುತ್ತದೆ. 260 ಸೆಕೆಂಡೆಂದರೆ 4 ನಿಮಿಷ 20 ಸೆಕೆಂಡು. ನಮ್ಮಲ್ಲಿ ಬಾಕ್ಸಿನ ತಪ್ಪಲ್ಲ, ಅದರ ಪರವಾಗಿ ಉತ್ತರಿಸಬೇಕಾದ ಪ್ರಾಕ್ಸಿಗೆ ಪ್ರಶ್ನೆಯೇ ತಲುಪುತ್ತಿರಲಿಲ್ಲ. ಹೊರಗಿನಿಂದ ಬರುವ ಎಲ್ಲವನ್ನೂ ತಡೆಯುವ ಒಂದು ನಿಯಮವನ್ನು ನಾನೇ ಸುರಕ್ಷತೆಗೆಂದು ಬರೆದಿದ್ದೆ, ಅದು ಈ ವಿಚಾರಣೆಯನ್ನೂ ತಡೆಯುತ್ತಿತ್ತು.

ಆದ್ದರಿಂದ ಬೇಕಾದದ್ದು ಒಂದು ಸಣ್ಣ ಅನುಮತಿ ಮಾತ್ರ. ಫೈರ್‌ವಾಲಿನ ಅಡ್ವಾನ್ಸ್ಡ್ ಪುಟದಲ್ಲಿ ಹೊಸ ನಿಯಮ ಸೇರಿಸಿ: ಬರುವ ಕಡೆ ವ್ಯಾನ್ (ಹೊರಗಿನ ಜಾಲ), ಪ್ರೊಟೊಕಾಲ್ ಐಜಿಎಂಪಿ, ಕ್ರಮ ಅನುಮತಿ. ಪಟ್ಟಿಯಲ್ಲಿ ಐಜಿಎಂಪಿ ಎಂಬ ಹೆಸರಿಲ್ಲದಿದ್ದರೆ ಪ್ರೊಟೊಕಾಲ್ ಸಂಖ್ಯೆ 2 ಎಂದು ಕೊಡಿ. ಚಿತ್ರವನ್ನು ಹೊತ್ತು ತರುವ ಯುಡಿಪಿಗೂ ಮಲ್ಟಿಕಾಸ್ಟ್ ವಿಳಾಸಗಳ ಮಟ್ಟಿಗೆ ಮಾತ್ರ ಅನುಮತಿ ಇರಬೇಕು. ನಿಮ್ಮಲ್ಲಿ ಚಿತ್ರ ಬರುತ್ತಿರುವುದರಿಂದ ಅದು ಈಗಾಗಲೇ ಇದೆ. ಬಹುತೇಕ ರೌಟರುಗಳು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನೇ ಪಾಲಿಸುವುದರಿಂದ, ಹೊಸ ಅನುಮತಿ ತಡೆಯ ನಿಯಮಕ್ಕಿಂತ ಮೇಲಿರಬೇಕು. ಐಜಿಎಂಪಿಯ ಆವೃತ್ತಿ ಆರಿಸುವ ಅವಕಾಶವಿದ್ದರೆ ಮೊದಲು 2ನ್ನೂ ಸರಿಹೋಗದಿದ್ದರೆ 3ನ್ನೂ ಇಟ್ಟು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಐದು ನಿಮಿಷ ಕಾಯಿರಿ. ಕೈಹಾಕುವ ಮೊದಲು ಕಾನ್ಫಿಗರೇಶನ್ ಫೈಲನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ. ತುಲಾ ತಿಂಗಳ ಸಿಡಿಲಿಗೆ ಅಡಾಪ್ಟರಿನೊಡನೆ ರೌಟರೂ ಸುಟ್ಟುಹೋದಾಗ ಅದೇ ಮಾದರಿಯ ಹೊಸದನ್ನು ತಂದು, ಆ ಫೈಲಿನಿಂದಲೇ ನಾನು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಮರಳಿ ಪಡೆದಿದ್ದೆ.

ಉಪ್ಪಳದಿಂದ:

ಮೇಲಿನವರು ಹೇಳಿದ್ದು ಸರಿಯಾಗಿದೆ. ಐಜಿಎಂಪಿ ಸ್ನೂಪಿಂಗ್ ಎಂಬುದನ್ನೂ ಆನ್ ಇಡಿ ಎಂದಷ್ಟೇ ಸೇರಿಸುತ್ತೇನೆ. ಅದಿಲ್ಲದಿದ್ದರೆ ಬಾಕ್ಸಿಗೆ ಹೋಗಬೇಕಾದ ಪ್ರಸಾರ ಎಲ್ಲ ಪೋರ್ಟುಗಳಿಗೂ ವೈಫೈಗೂ ಹರಡುತ್ತದೆ. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಅತಿ ಕಡಿಮೆ ವೇಗದ ದರದಲ್ಲಿ ಹೋಗುತ್ತದೆ, ಕಳೆದುಹೋದ ತುಣುಕನ್ನು ಪುನಃ ಕಳುಹಿಸುವ ಏರ್ಪಾಡೂ ಅದಕ್ಕಿಲ್ಲ. ನಮ್ಮಲ್ಲಿ ಟಿವಿ ಹಾಕಿದ ಕೂಡಲೇ ಮಗಳ ಆನ್‌ಲೈನ್ ತರಗತಿ ತಡವರಿಸುತ್ತಿದ್ದುದಕ್ಕೆ ಇದೇ ಕಾರಣವಾಗಿತ್ತು.

ಪೆರ್ಲದಿಂದ:

ನನಗೆ ಟಿವಿಗಿಂತ ಆ ಕ್ಯಾಮೆರಾದ ಚಿಂತೆ ಹೆಚ್ಚು. ಅದಕ್ಕಾಗಿ ಡಿಎಂಝಡ್ ಅಥವಾ ಯುಪಿಎನ್‌ಪಿ ತೆರೆದಿದ್ದೀರಾ ಎಂದು ಪರೀಕ್ಷಿಸಿ. ಯುಪಿಎನ್‌ಪಿ ಆನ್ ಇದ್ದರೆ ಮನೆಯೊಳಗಿನ ಯಾವ ಉಪಕರಣವೂ ನಿಮ್ಮನ್ನು ಕೇಳದೆ ಹೊರಗಿನವರಿಗೆ ಬಾಗಿಲು ತೆರೆಯಬಲ್ಲದು. ಡಿಎಂಝಡ್ ಎಂದರೆ ಆ ಒಂದು ಉಪಕರಣಕ್ಕೆ ಬಾಗಿಲೇ ಇಲ್ಲದಂತೆ. ಗಲ್ಫಿನಲ್ಲಿರುವ ಮಗ ಅಂಗಳ ನೋಡಬೇಕೆಂದರೆ ರೌಟರಿನಲ್ಲಿ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಬರುವ ಗುಪ್ತ ದಾರಿ) ಇಡುವುದು ಒಳ್ಳೆಯದು. ಆದರೆ ಮೊದಲು ಮೋಡೆಮ್‌ನ ವ್ಯಾನ್ ವಿಳಾಸ ನೋಡಿ: ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ ಕಂಪೆನಿಯವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆಂದು ಅರ್ಥ. ಆಗ ನೀವು ಯಾವ ಪೋರ್ಟ್ ತೆರೆದರೂ ಹೊರಗಿನಿಂದ ಐಪಿವಿ4 (ಹಳೆಯ ಬಗೆಯ ವಿಳಾಸ) ಮೂಲಕ ನೇರವಾಗಿ ಬರಲಾಗದು. ಹೊಸ ಬಗೆಯ ಐಪಿವಿ6 ಇದ್ದಲ್ಲಿ ಸಾಮಾನ್ಯವಾಗಿ ಪ್ರತಿ ಉಪಕರಣಕ್ಕೂ ಸಾರ್ವಜನಿಕ ವಿಳಾಸವಿರುವ ಕಾರಣ ಅಲ್ಲಿ ಫೈರ್‌ವಾಲ್ ಒಂದೇ ರಕ್ಷಣೆ.

ವ್ಯಾನ್ ಕಡೆಯಿಂದ ರೌಟರಿನ ನಿರ್ವಹಣಾ ಪುಟ ತೆರೆಯುವ ಆಯ್ಕೆಯನ್ನೂ ಆಫ್ ಮಾಡಿ. 2016ರ ನವೆಂಬರಿನಲ್ಲಿ ಜರ್ಮನಿಯ ಸುಮಾರು 9 ಲಕ್ಷ ಗ್ರಾಹಕರ ರೌಟರುಗಳು ಕೆಲಸ ನಿಲ್ಲಿಸಿದ್ದವು. ದೂರದಿಂದ ನಿರ್ವಹಿಸಲು ಬಳಸುವ 7547ನೆಯ ಪೋರ್ಟಿಗೆ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಒಂದು ರೂಪ ನಡೆಸಿದ ದಾಳಿ ಅದಕ್ಕೆ ಕಾರಣವಾಗಿತ್ತು.

ಮುಳ್ಳೇರಿಯದಿಂದ, ಮರುದಿನ:

ಎಲ್ಲರಿಗೂ ಕೃತಜ್ಞತೆಗಳು. ಅಳೆದಾಗ 4 ನಿಮಿಷ 22 ಸೆಕೆಂಡು ಬಂತು. ನನ್ನ ರೌಟರಿನಲ್ಲಿಯೂ ವ್ಯಾನ್‌ನಿಂದ ಬರುವುದನ್ನೆಲ್ಲ ತಡೆಯುವ ನಿಯಮವೊಂದಿತ್ತು. ಅನುಮತಿಯನ್ನು ಮೊದಲು ಅದರ ಕೆಳಗೆ ಬರೆದಿದ್ದರಿಂದ ಏನೂ ಬದಲಾಗಲಿಲ್ಲ; ಮೇಲಕ್ಕೆ ಸರಿಸಿದ ಬಳಿಕ ಈಗ ಒಂದು ಗಂಟೆ ಹತ್ತು ನಿಮಿಷವಾಯಿತು, ಟಿವಿ ನಿಂತಿಲ್ಲ. ಕ್ಯಾಮೆರಾ ಡಿಎಂಝಡ್‌ನಲ್ಲಿಯೇ ಇತ್ತು, ಅದನ್ನು ತೆಗೆದಿದ್ದೇನೆ. ವ್ಯಾನ್ ವಿಳಾಸ 100.72ರಿಂದ ಆರಂಭವಾಗುವುದರಿಂದ, ಮಗನಿಗೆ ಕ್ಯಾಮೆರಾ ನೋಡಲು ಸ್ಥಿರ ಐಪಿ (ಬದಲಾಗದ ಸಾರ್ವಜನಿಕ ವಿಳಾಸ) ಸಿಗುವುದೇ ಎಂದು ನಾಳೆ ಕಂಪೆನಿಯವರಲ್ಲಿ ವಿಚಾರಿಸುತ್ತೇನೆ.